ಕಂದು ಉಂಗುರ, ನಡುಗುವ ಕೈ

ಕಾಯಿಲೆ ಬಿದ್ದವರು ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಕೊನೆಯ ಪುಟದ ಹೊತ್ತಿಗೆ ಎಲ್ಲರೂ ಒಳ್ಳೆಯವರಾಗಿಬಿಟ್ಟಿರುತ್ತಾರೆ. ಕಾಯಿಲೆ ತಮಗೆ ತಾಳ್ಮೆ ಕಲಿಸಿತು, ದೇವರ ಹತ್ತಿರ ಕರೆದೊಯ್ಯಿತು ಎನ್ನುತ್ತಾರೆ. ನನಗೆ ಅಂಥದ್ದೇನೂ ಆಗಲಿಲ್ಲ. ನನಗೆ ಪಾರ್ಕಿನ್ಸನ್ಸ್ ಕಾಯಿಲೆ ಬಂತು, ಬಂದ ಮೇಲೆ ಹೇಸಿಗೆಯಾಯಿತು. ಮೊದಲು ನನ್ನ ಮೈಯ ಮೇಲೆ, ಆಮೇಲೆ ಸುತ್ತಲಿನವರ ಮೇಲೆ. ಹೀಗೆ ಅನ್ನಿಸುವುದು ನನಗೊಬ್ಬಳಿಗೇ ಇರಲಾರದು. ಅಂಥವರು ಇನ್ನೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಲ್ಲೇಶ್ವರದ ಹುಡುಗಿಯರ ಕಾಲೇಜೊಂದರಲ್ಲಿ ನಾನು ಪಿಯುಸಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ವಿಜ್ಞಾನ ಓದಿದವರಿಗೆಲ್ಲ ಕಂದು ಉಂಗುರದ ಪರೀಕ್ಷೆ ನೆನಪಿರುತ್ತದೆ. ಕೊಟ್ಟ ಲವಣದಲ್ಲಿ ನೈಟ್ರೇಟ್ ಇದೆಯೇ ಎಂದು ನೋಡಲು ಅದರ ದ್ರಾವಣಕ್ಕೆ ಫೆರಸ್ ಸಲ್ಫೇಟ್ ಬೆರೆಸಿ, ಪ್ರನಾಳವನ್ನು ಓರೆಯಾಗಿ ಹಿಡಿದು, ಗಾಜಿನ ಗೋಡೆಗುಂಟ ಗಂಧಕಾಮ್ಲವನ್ನು ಮೆಲ್ಲಗೆ ಇಳಿಸಬೇಕು. ಆಮ್ಲ ಭಾರವಾದ್ದರಿಂದ ತಳಕ್ಕೆ ಹೋಗಿ ಕೂರುತ್ತದೆ. ಎರಡೂ ಸೇರುವ ಗೆರೆಯಲ್ಲಿ ತೆಳ್ಳಗೆ ಕಂದು ಬಣ್ಣದ ಉಂಗುರ ಮೂಡುತ್ತದೆ. ಕೈ ಅಲ್ಲಾಡಿತೋ, ಎಲ್ಲಾ ಕಲಸಿಹೋಗುತ್ತದೆ. "ಗೋಡೆಗುಂಟ ಇಳ್ಸಿ, ಆತುರ ಬೇಡ" ಎಂದು ವರ್ಷವರ್ಷವೂ ಹೇಳಿ ಹೇಳಿ ಅದು ನನ್ನ ಅಡ್ಡಹೆಸರೇ ಆಗಿತ್ತು. ಹುಡುಗಿಯರು ನನ್ನ ಬೆನ್ನ ಹಿಂದೆ "ಗೋಡೆಗುಂಟ ಮಿಸ್ ಬಂದ್ರು" ಅನ್ನುತ್ತಿದ್ದರು. ನನ್ನ ಮಗಳು ಚೈತ್ರ ಅದೇ ಕಾಲೇಜಿನಲ್ಲಿ ಓದಿದಳು. ಅವಳೂ ಅನ್ನುತ್ತಿದ್ದಳಂತೆ.

ನನಗೆ ಮೊದಲು ಹೋದದ್ದು ವಾಸನೆ. ಲ್ಯಾಬಿನಲ್ಲಿ ಹುಡುಗಿಯರು ಕೊಳೆತ ಮೊಟ್ಟೆಯ ನಾತಕ್ಕೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಓಡುವಾಗ ನಾನು ಆರಾಮಾಗಿ ನಿಂತಿರುತ್ತಿದ್ದೆ. ಇಷ್ಟು ವರ್ಷ ಆಸಿಡ್ ಕುಡಿದ ಮೂಗು, ಸತ್ತಿದೆ ಅಂದುಕೊಂಡೆ. ಮನೆಯಲ್ಲಿ ಸಾರು ಸೀದರೂ ತಿಳಿಯುತ್ತಿರಲಿಲ್ಲ. ಆಮೇಲೆ ಬೋರ್ಡಿನ ಮೇಲಿನ ನನ್ನ ಅಕ್ಷರ ಸಾಲಿನ ಕೊನೆಗೆ ಹೋಗುತ್ತ ಹೋಗುತ್ತ ಇರುವೆಯಷ್ಟಾಯಿತು. ಹಿಂದಿನ ಬೆಂಚಿನವರು "ಮಿಸ್, ಕಾಣಿಸ್ತಿಲ್ಲ" ಎಂದಾಗ ಕಣ್ಣು ತೋರಿಸಿಕೊಳ್ಳಿ ಎಂದು ಅವರನ್ನೇ ಬೈದೆ.

ಆಮೇಲೊಂದು ದಿನ ಪ್ರಾಕ್ಟಿಕಲ್ಲಿನಲ್ಲಿ ಉಂಗುರ ಬರಲಿಲ್ಲ. ಬಲಗೈ ಆಮ್ಲ ಇಳಿಸುತ್ತಿತ್ತು, ಅದು ಸರಿಯಾಗೇ ಇತ್ತು. ಪ್ರನಾಳ ಹಿಡಿದ ಎಡಗೈ ಸುಮ್ಮನಿರಬೇಕಿತ್ತು, ಸುಮ್ಮನಿರಲಿಲ್ಲ. ಬೀಡಿ ಸುತ್ತುವವರ ಹಾಗೆ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವು ಉಜ್ಜಿಕೊಳ್ಳುತ್ತಿದ್ದವು. ಪ್ರನಾಳದಲ್ಲಿ ಎಲ್ಲಾ ಕದಡಿ ರಾಡಿಯಾಯಿತು. ಇಡೀ ಬ್ಯಾಚು ನೋಡುತ್ತಿತ್ತು. ಇನ್ನೊಂದು ಸಲ ಮಾಡಿದೆ, ಮತ್ತೆ ರಾಡಿ. "ಫೆರಸ್ ಸಲ್ಫೇಟ್ ಹಳೇದು" ಎಂದು ಸುಳ್ಳು ಹೇಳಿ ಕೈ ಸೆರಗಿನೊಳಗೆ ಇಟ್ಟುಕೊಂಡೆ.

ನಮ್ಮ ಮನೆಯ ಡಾಕ್ಟರು ಟೆನ್ಷನ್ ಎಂದರು. ಮೂಳೆ ಡಾಕ್ಟರು ಭುಜ ಹಿಡಿದಿದೆ ಎಂದು ಬಿಸಿ ಮೇಣದ ಶಾಖ ಕೊಡಿಸಿದರು. ಮುಟ್ಟು ನಿಲ್ಲುವ ವಯಸ್ಸಲ್ಲವೇ ಎಂದು ಮೂರನೆಯವರು ನಕ್ಕರು. ಕೊನೆಗೆ ಬಸವನಗುಡಿಯ ನರರೋಗ ತಜ್ಞರೊಬ್ಬರ ಕ್ಲಿನಿಕ್ಕಿಗೆ ಹೋದೆವು. ನನ್ನ ಜೊತೆ ನಮ್ಮ ಯಜಮಾನರು, ಮತ್ತು ನನ್ನ ಓರಗಿತ್ತಿ ವಿಮಲಾ. ಅವಳು ನಮ್ಮ ಮೈದುನನ ಹೆಂಡತಿ, ಎರಡು ಬೀದಿ ಆಚೆ ಮನೆ. ಯಾವ ಮನೆಯ ಯಾವ ಆಸ್ಪತ್ರೆ ಕೆಲಸವನ್ನೂ ಬಿಡುವವಳಲ್ಲ.

ಆ ಕಾಯುವ ಕೋಣೆಯನ್ನು ನಾನು ಮರೆತಿಲ್ಲ. ಒಂದಕ್ಕೊಂದು ಅಂಟಿಸಿದ ಕುರ್ಚಿಗಳು, ಒಬ್ಬರು ನಡುಗಿದರೆ ಸಾಲಿಗೆ ಸಾಲೇ ನಡುಗುತ್ತಿತ್ತು. ಎದುರಿಗೆ ಒಬ್ಬ ಮುದುಕರು. ಬಾಯಿಯಿಂದ ಜೊಲ್ಲು ಎಳೆಯಾಗಿ ಅಂಗಿಯ ಗುಂಡಿಯವರೆಗೆ ಇಳಿದಿತ್ತು. ಪಕ್ಕದ ಮಗ ಒಂದೇ ಕರವಸ್ತ್ರದಲ್ಲಿ ಅವರ ಬಾಯನ್ನೂ ತನ್ನ ಹಣೆಯನ್ನೂ ಒರೆಸಿಕೊಳ್ಳುತ್ತಿದ್ದ. ನಾನು ಮುಖ ತಿರುಗಿಸಿದೆ. ಪಾಪ ಅನ್ನಿಸಬೇಕಿತ್ತು, ಅಸಹ್ಯ ಅನ್ನಿಸಿತು. ಇವರ ಕಾಯಿಲೆ ನನ್ನದಾಗದಿರಲಿ ಎಂದು ಬೇಡಿಕೊಂಡೆ. ಒಳಗೆ ಹೋಗಿ ಬಂದ ಮೇಲೆ ನೋಡಿದರೆ ಅದೇ ಕಾಯಿಲೆ.

ಆ ಮಗನೇ ಆಚೆ ಬರುವಾಗ ನನ್ನ ಕೈಯಲ್ಲಿದ್ದ ಚೀಟಿ ನೋಡಿ ಹತ್ತಿರ ಬಂದ. "ಅಮ್ಮಾ, ಈ ಮಾತ್ರೆ ಮೊದಲ ತಿಂಗಳು ವಾಂತಿ ಬರ್ಸತ್ತೆ. ಹೆದರ್ಕೋಬೇಡಿ. ಒಂದು ಒಣ ಬಿಸ್ಕೆಟ್ ಜೊತೆ ತೊಗೊಳಿ. ಹಾಲು, ಬೇಳೆ ಜೊತೆ ಮಾತ್ರ ಬೇಡ, ಕೆಲಸ ಮಾಡಲ್ಲ" ಎಂದ. ನಾನು ಮುಖ ತಿರುಗಿಸಿದ್ದನ್ನು ಅವನು ನೋಡಿದ್ದ, ನನಗೆ ಗೊತ್ತು. ಆದರೂ ಹೇಳಿದ. ಆ ವರ್ಷ ನನಗೆ ಉಪಯೋಗಕ್ಕೆ ಬಂದ ಒಂದೇ ಸಲಹೆ ಅದು.

ಒಳಗೆ ನನ್ನನ್ನು ಪರೀಕ್ಷಿಸಿದ ಆ ನರರೋಗದ ಡಾಕ್ಟರು ಚಿಕ್ಕ ವಯಸ್ಸಿನವರು. ನಾನು ಏನು ಪಾಠ ಮಾಡುತ್ತೇನೆಂದು ಕೇಳಿದರು. ಹೇಳಿದಾಗ ಅವರಿಗೆ ಹುಮ್ಮಸ್ಸು ಬಂತು.

"ಹಾಗಾದ್ರೆ ನಿಮ್ಗೆ ನೈಟ್ರಿಕ್ ಆಕ್ಸೈಡ್ ಗೊತ್ತಿರತ್ತೆ ಮೇಡಂ."

"ಗೊತ್ತು. ಗಾಳಿ ಸೋಕಿದ್ರೆ ಕಂದು ಹೊಗೆ ಆಗತ್ತೆ. ನಮ್ಮ ಲ್ಯಾಬಿನ ಉಂಗುರದಲ್ಲಿರೋದೂ ಅದೇ."

"ಅದನ್ನ ಮಿದುಳೂ ತಯಾರಿಸತ್ತೆ, ಚೂರೇ ಚೂರು. ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಅದು ಬೇಕು. ಆದ್ರೆ ಮಿದುಳಲ್ಲಿ ಕಾವಲು ಕಾಯೋ ಕೋಶಗಳಿವೆ. ಅವುಗಳಲ್ಲಿ ಈ ಅನಿಲ ಮಾಡಿಸೋ ಜೀನ್ ಸಾಮಾನ್ಯವಾಗಿ ಮುಚ್ಕೊಂಡಿರತ್ತೆ. ಏನೋ ಉರಿಯೂತ ಆದ್ರೆ ತೆರ್ಕೊಳತ್ತೆ. ತೆರ್ಕೊಂಡಿದ್ದು ಮತ್ತೆ ಮುಚ್ಚದೇ ಹೋದ್ರೆ ಅನಿಲ ಜಾಸ್ತಿಯಾಗಿ ಅಕ್ಕಪಕ್ಕದ ನರಕೋಶಗಳನ್ನೇ ಸಾಯಿಸತ್ತೆ ಅಂತ ಈಗ ಅನುಮಾನ ಪಡ್ತಿದಾರೆ. ಇಲಿಗಳಲ್ಲಿ ನೋಡಿದಾರೆ. ಮನುಷ್ಯರಲ್ಲಿ ಎಷ್ಟು ನಿಜ, ನಂಗೂ ಗೊತ್ತಿಲ್ಲ."

"ಮುಚ್ಚೋಕೆ ಔಷಧಿ?"

"ಇಲ್ಲ ಮೇಡಂ. ಈಗ ಕೊಡ್ತಿರೋದು ಸತ್ತ ಕೋಶಗಳು ಮಾಡ್ಬೇಕಾಗಿದ್ದ ಕೆಲಸಕ್ಕೆ ಬದಲಿ, ಅಷ್ಟೇ."

ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಅದು ನನ್ನ ತಲೆಬುರುಡೆಯೊಳಗೇ ನಡೆದಿತ್ತು. ಯಾವ ಅನಿಲದ ಸೂತ್ರವನ್ನು ಸಾವಿರಾರು ಹುಡುಗಿಯರಿಗೆ ಉರು ಹೊಡೆಸಿದ್ದೆನೋ ಅದನ್ನು ನನ್ನ ಕಾವಲಿನವರೇ ಒಳಗೆ ಬಿಟ್ಟುಕೊಂಡು ಕೂತಿದ್ದರು. ಅದು ಬರೀ ಅನುಮಾನ ಎಂದು ಡಾಕ್ಟರು ಹೇಳಿದ್ದರು, ಸರಿ. ಆದರೆ ಆ ದಿನದಿಂದ ಕನ್ನಡಿಯಲ್ಲಿ ನನ್ನ ತಲೆ ನೋಡಿದರೆ ಮುಚ್ಚಳ ತೆಗೆಯದ ಹಳೆಯ ಡಬ್ಬಿ ನೋಡಿದ ಹಾಗೆ ಓಕರಿಕೆ ಬರುತ್ತಿತ್ತು. ಮಾತ್ರೆಯ ಓಕರಿಕೆ ಬೇರೆ. ಬೆಳಗ್ಗೆ ನುಂಗಿದರೆ ಸಂಪಿಗೆ ರಸ್ತೆ ದಾಟುವಷ್ಟರಲ್ಲಿ ಗಂಟಲಿಗೆ ಬರುತ್ತಿತ್ತು. ಎಷ್ಟೋ ದಿನ ಹೂವಿನವರ ಬುಟ್ಟಿಗಳ ಪಕ್ಕ ಚರಂಡಿಗೆ ಬಗ್ಗಿ ನಿಂತಿದ್ದೇನೆ. ಮಲ್ಲಿಗೆಯ ವಾಸನೆ ಬರುತ್ತಿರಲಿಲ್ಲ, ಚರಂಡಿಯದೂ ಬರುತ್ತಿರಲಿಲ್ಲ. ಅದೊಂದು ಉಪಕಾರ ಎಂದೇ ಹೇಳಬೇಕು.

ವಿಮಲಾ ಡಾಕ್ಟರ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳ ಕಿವಿಯಲ್ಲಿ ಉಳಿದದ್ದು ಜೀನ್ ಒಂದೇ. ಆಟೋದಲ್ಲೇ ಶುರು ಮಾಡಿದಳು.

"ಅಕ್ಕಾ, ಜೀನ್‌ದು ಅಂದ್ರೆ ತಾಯಿಂದ ಮಗಳಿಗೆ ಬರೋದು. ಚೈತ್ರಂಗೆ ಗಂಡು ನೋಡ್ತಿದೀವಿ. ಇದು ಆಚೆ ಹೋದ್ರೆ ಯಾರು ಮಾಡ್ಕೋತಾರೆ?"

"ಆ ಜೀನ್ ನಿನ್ನಲ್ಲೂ ಇದೆ ವಿಮಲಾ. ಈ ಆಟೋ ಓಡಿಸ್ತಿರೋರಲ್ಲೂ ಇದೆ. ಅದು ಯಾವಾಗ ತೆರ್ಕೊಳತ್ತೆ ಅನ್ನೋದು ವಿಷಯ."

"ಅದೆಲ್ಲ ಬೀಗರಿಗೆ ಪಾಠ ಮಾಡೋಕಾಗತ್ತಾ ಅಕ್ಕಾ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದಾರೆ ಹಿರೀಕರು. ನಾವು ಒಂದೇ ಹೇಳೋಣ. ಅಕ್ಕಂಗೆ ಭುಜ ಹಿಡ್ಕೊಂಡಿದೆ, ಅಷ್ಟೇ."

ನಾನು ಯಜಮಾನರ ಮುಖ ನೋಡಿದೆ. ಅವರು ಬ್ಯಾಂಕಿನಲ್ಲಿ ಅಧಿಕಾರಿ, ಎರಡೂ ಕಡೆಯವರಿಗೆ ಹೂಂ ಅಂದು ಅಭ್ಯಾಸವಿರುವವರು. "ಸದ್ಯಕ್ಕೆ ಹಾಗೇ ಇರ್ಲಿ ಬಿಡು" ಎಂದರು. ಹೀಗೆ ನನ್ನ ಕಾಯಿಲೆ ಮನೆಯೊಳಗಿನ ಕಳ್ಳಮಾಲಾಯಿತು. ಯಾರಾದರೂ ಬಂದರೆ ಮಾತ್ರೆಯ ಡಬ್ಬಿ ಹುರಿಗಡಲೆ ಡಬ್ಬಿಯ ಹಿಂದೆ ಹೋಗುತ್ತಿತ್ತು. ನನ್ನ ಎಡಗೈ ಸೆರಗಿನೊಳಗೆ. ನನ್ನ ಮನೆಯಲ್ಲಿ ನಾನೇ ಕದ್ದ ಪದಾರ್ಥದ ಹಾಗೆ ಕೂರಬೇಕಾಗಿ ಬಂದದ್ದಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಮಗಳ ವಿಷಯ. ಬಾಯಿ ಮುಚ್ಚಿಕೊಂಡೆ.

ಮರುವರ್ಷ ಚಾಮರಾಜಪೇಟೆಯಿಂದ ಒಂದು ಸಂಬಂಧ ಬಂತು. ಹುಡುಗ ಗಣಿತದ ಮೇಷ್ಟ್ರು, ತಂದೆ ಇಲ್ಲ, ಮನೆಯಲ್ಲಿ ತಾಯಿಯದೇ ಮಾತು. ಹೆಸರು ಕಮಲಮ್ಮ ಎಂದಿಟ್ಟುಕೊಳ್ಳೋಣ. ಅವರು ಅಕ್ಕತಂಗಿಯರ ಜೊತೆ ಹುಡುಗಿ ನೋಡಲು ಬಂದರು. ಚೈತ್ರ, ಆ ಹುಡುಗ ಹಿಂದಿನ ಹಜಾರದಲ್ಲಿ ಮಾತಾಡಿ ನಗುತ್ತಾ ಬಂದದ್ದನ್ನು ನೋಡಿಯೇ ನನಗೆ ಇದು ಆಗುತ್ತದೆ ಅನ್ನಿಸಿತು. ಖುಷಿಯಾಯಿತು. ಖುಷಿಯಾದದ್ದು ನನಗೆ ಮಾತ್ರ ಗೊತ್ತು, ಏಕೆಂದರೆ ಆ ಹೊತ್ತಿಗೆ ಈ ಕಾಯಿಲೆ ನನ್ನ ಮುಖಕ್ಕೂ ಇಳಿದಿತ್ತು. ಒಳಗೆ ನಕ್ಕರೂ ಕೆನ್ನೆ ಮೇಲೇಳುತ್ತಿರಲಿಲ್ಲ. ಕಣ್ಣು ಮಿಟುಕುವುದೇ ಅಪರೂಪ.

ಕಮಲಮ್ಮನವರು ಕೇಸರಿಬಾತು ಹೊಗಳಿದರು, ನಾನು ಗೋಡೆಯ ಹಾಗೆ ನೋಡಿದೆ. ಮಗನ ಬಾಲ್ಯದ ತಮಾಷೆ ಹೇಳಿದರು, ಎಲ್ಲರೂ ನಕ್ಕರು, ನಾನು ಹಾಗೇ ಕೂತಿದ್ದೆ. ಹೊರಡುವಾಗ ವಿಮಲಾ ಇನ್ನೊಂದು ಕೆಲಸ ಮಾಡಿದಳು. ಬಂದ ಮುತ್ತೈದೆಯರಿಗೆ ಕುಂಕುಮ ಕೊಡಬೇಕಾದವಳು ಮನೆಯ ಯಜಮಾನಿ, ತಾಂಬೂಲ ಕೊಡಬೇಕಾದವಳೂ ಅವಳೇ. ನನ್ನ ಕೈ ಆಚೆ ಬರಬಾರದೆಂದು ವಿಮಲಾ ತಾನೇ ತಟ್ಟೆ ಹಿಡಿದು ಕಮಲಮ್ಮನವರ ಅಕ್ಕತಂಗಿಯರಿಗೆ ಕುಂಕುಮ ಕೊಟ್ಟಳು, ಕಮಲಮ್ಮನವರಿಗೆ ತಾಂಬೂಲವನ್ನೂ ತಾನೇ ಕೊಟ್ಟು ಕಳಿಸಿದಳು. ನಾನು ಬೆತ್ತದ ಕುರ್ಚಿಯಲ್ಲಿ ಕೈ ಮುಚ್ಚಿಕೊಂಡು ಕೂತೇ ಇದ್ದೆ. ಎದ್ದರೆ ಕಾಲು ಎಳೆಯುವುದು ಕಾಣುತ್ತದೆಂದು ಅವಳದೇ ಅಪ್ಪಣೆ. ಬಾಗಿಲು ಹಾಕಿದ ಮೇಲೆ "ನೋಡಿ ಅಕ್ಕಾ, ಒಂಚೂರೂ ಗೊತ್ತಾಗ್ಲಿಲ್ಲ" ಎಂದು ಹಿಗ್ಗಿದಳು.

ಎರಡು ವಾರ ಫೋನಿಲ್ಲ. ಆಮೇಲೆ ಸಂಬಂಧ ತಂದವರು ಫೋನ್ ಮಾಡಿ ಕಮಲಮ್ಮನವರ ಮಾತನ್ನು ಯಜಮಾನರಿಗೆ ಹೇಳಿದರಂತೆ: ಹುಡುಗಿ ಬಗ್ಗೆ ಏನೂ ಮಾತಿಲ್ಲ, ಹುಡುಗಿಯ ತಾಯಿಗೆ ತಾವು ಹಿಡಿಸಿಲ್ಲ. ಎದ್ದು ನಿಂತು ಕಳಿಸುವ ಮರ್ಯಾದೆಯನ್ನೂ ತೋರಿಸಲಿಲ್ಲ, ತಾಂಬೂಲ ಬೇರೆಯವರ ಕೈಲಿ ಕೊಡಿಸಿದರು. ಅಂಥ ದೊಡ್ಡಸ್ತಿಕೆಯ ಮನೆ ತಮಗೆ ಬೇಡ.

ಚೈತ್ರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಯಿಲೆ ತಿಳಿದರೆ ಮದುವೆ ಮುರಿಯುತ್ತದೆಂದು ಮುಚ್ಚಿಟ್ಟೆವು. ಮುಚ್ಚಿಟ್ಟದ್ದಕ್ಕೇ ಮುರಿದಿತ್ತು. ವಿಮಲಾ ಆಗಲೂ "ಅವರಿಗೆ ಕೊಬ್ಬು" ಎಂದಳು. ಆ ದಿನ ನನಗೆ ಅವಳ ಮೇಲೆ ಬಂದಷ್ಟು ಹೇಸಿಗೆ ನನ್ನ ಕಾಯಿಲೆಯ ಮೇಲೂ ಬಂದಿಲ್ಲ. ಯಜಮಾನರ ಮೇಲೂ ಬಂತು. ಅವರು ಪೇಪರ್ ಮಡಿಸುತ್ತಾ ಕೂತಿದ್ದರು.

ಮಾರನೆಯ ದಿನ ಯಾರಿಗೂ ಹೇಳದೆ ಮಗಳನ್ನು ಕರೆದುಕೊಂಡು ಚಾಮರಾಜಪೇಟೆಗೆ ಹೋದೆ. ಕಮಲಮ್ಮನವರು ಬಾಗಿಲಲ್ಲೇ "ಬನ್ನಿ" ಎಂದರು, ಒಣ ಬನ್ನಿ. ನಾನು ಕೂತು, ಎಡಗೈಯನ್ನು ಸೆರಗಿನಿಂದ ತೆಗೆದು ಮಡಿಲ ಮೇಲಿಟ್ಟೆ. ಅದು ತನ್ನ ಪಾಡಿಗೆ ಬೀಡಿ ಸುತ್ತತೊಡಗಿತು. ಅವರು ಅದನ್ನೇ ನೋಡಿದರು.

"ಇದಕ್ಕೆ ಪಾರ್ಕಿನ್ಸನ್ಸ್ ಅಂತಾರೆ. ನನ್ನ ಮುಖವೂ ಇದ್ರಿಂದಾನೇ ಹೀಗಾಗಿದೆ. ಅವತ್ತು ನಂಗೆ ನಿಮ್ಮನ್ನ ನೋಡಿ ಸಂತೋಷ ಆಗಿತ್ತು. ಮುಖಕ್ಕೆ ಬರ್ಲಿಲ್ಲ."

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೇಳಿದರು, "ಕಾಯಿಲೆನಾ? ಅಷ್ಟೇನಾ?"

"ಅಷ್ಟೇ."

"ಅಯ್ಯೋ ಶಿವನೇ. ನಾನು ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ ಕಣ್ರೀ. ನಮ್ಮನೆ ವಠಾರದ ಮನೆ, ಇವರು ಮಲ್ಲೇಶ್ವರದ ಸ್ವಂತ ಮನೆಯೋರು, ಅದಕ್ಕೇ ಮೂತಿ ತಿರುಗಿಸ್ಕೊಂಡು ಕೂತಿದಾರೆ ಅಂತ ಅಕ್ಕತಂಗೀರ ಹತ್ರ ಎಲ್ಲಾ ಹೇಳ್ಕೊಂಡು ಅತ್ತಿದೀನಿ."

ನನ್ನ ಮಿದುಳು ಸಾಯುತ್ತಿದೆ ಎಂಬುದಕ್ಕಿಂತ ತಮಗೆ ಅವಮಾನವಾಗಿಲ್ಲ ಎಂಬುದೇ ಅವರಿಗೆ ದೊಡ್ಡದಾಗಿತ್ತು. ನನಗೆ ಕೋಪ ಬರಬೇಕಿತ್ತು. ನಿಜ ಹೇಳಬೇಕೆಂದರೆ ಹಾಯೆನಿಸಿತು. ಎಷ್ಟೋ ತಿಂಗಳಿಂದ ನನ್ನ ಕಾಯಿಲೆಯನ್ನು ಯಾರೂ "ಅಷ್ಟೇನಾ" ಅಂದಿರಲಿಲ್ಲ.

ಕಾಫಿ ಬಂತು. ಲೋಟ ಎರಡೂ ಕೈಯಲ್ಲಿ ಹಿಡಿದೆ. ಅರ್ಧ ಕಾಫಿ ಕುಡಿದ ಮೇಲೆ, ಬರಬೇಕಾದ ಪ್ರಶ್ನೆ ಬಂತು. ಚೈತ್ರಳನ್ನು ನೋಡದೆ ಕೇಳಿದರು, "ಇದು ಮಕ್ಕಳಿಗೆ ಬರತ್ತೇನು?"

ಇಲ್ಲ ಎಂದುಬಿಡಬಹುದಿತ್ತು. ಮಗಳ ಉಸಿರು ನಿಂತದ್ದು ನನಗೆ ಕೇಳಿಸಿತು. ಆದರೆ ಸುಳ್ಳಿನ ರುಚಿ ಆಗಲೇ ಬಾಯಿಗೆ ಸಾಕಾಗಿತ್ತು.

"ಕಮಲಮ್ಮನೋರೇ, ಸಿಲಿಂಡರ್ ಎಲ್ಲರ ಅಡುಗೆಮನೇಲೂ ಇದೆ. ನಿಮ್ಮನೇಲೂ ಇದೆ. ನನ್ನ ತಲೇಲಿ ಅದರ ತಿರುಗಣೆ ಕೆಟ್ಟು ಗ್ಯಾಸ್ ಸೋರ್ತಿದೆ ಅಂತ ಡಾಕ್ಟರಿಗೆ ಅನುಮಾನ. ಯಾಕೆ ಕೆಡ್ತು ಅಂತ ಅವರಿಗೂ ಗೊತ್ತಿಲ್ಲ. ಬಹಳ ಜನರಲ್ಲಿ ಇದು ತಾಯಿಂದ ಮಗಳಿಗೆ ಹೋಗೋದಲ್ಲ ಅಂತಾರೆ. ನಮ್ಮ ತಾಯಿಗಿರ್ಲಿಲ್ಲ, ಅಜ್ಜಿಗಿರ್ಲಿಲ್ಲ. ಆದ್ರೆ ಇವಳಿಗೆ ಖಂಡಿತಾ ಬರಲ್ಲ ಅಂತ ನಾನು ಆಣೆ ಮಾಡಲಾರೆ."

ಅವರು ಲೋಟ ಕೆಳಗಿಟ್ಟರು. "ನಮ್ಮೋರು ಮೂವತ್ತೆಂಟಕ್ಕೆ ಹಾರ್ಟ್ ಅಟ್ಯಾಕಲ್ಲಿ ಹೋದ್ರು. ನನ್ನ ಮಗನಿಗೆ ಬರಲ್ಲ ಅಂತ ನಾನೂ ಆಣೆ ಮಾಡಲಾರೆ. ನೀವು ಕೇಳ್ಲೇ ಇಲ್ಲ" ಎಂದರು. ಅದಾದ ಮೇಲೆ ಚೈತ್ರಳ ಕಡೆ ತಿರುಗಿ, "ಇನ್ನೂ ಕಾಫಿ ಬೇಕೇನಮ್ಮಾ?" ಎಂದರು.

ಇಲ್ಲಿಗೆ ಮುಗಿಸಿದ್ದರೆ ನಾನೂ ಒಳ್ಳೆಯವಳಾದ ಹಾಗೆ ಕಾಣುತ್ತಿತ್ತು. ಮುಗಿಯಲಿಲ್ಲ.

ಲಗ್ನಪತ್ರಿಕೆ ಆರಿಸಲು ಸುಲ್ತಾನ್‌ಪೇಟೆಗೆ ಹೋದೆವು. ಅಂಗಡಿಯವರು ಗಣಪತಿ ಚಿತ್ರದ ಕಾರ್ಡುಗಳನ್ನು ಇಸ್ಪೀಟಿನ ಎಲೆ ಹಾಕಿದ ಹಾಗೆ ಮುಂದೆ ಹರಡುತ್ತಿದ್ದರು. ವಿಮಲಾ ಒಂದು ಕೆಂಪು ಕಾರ್ಡನ್ನು ಬೆಳಕಿಗೆ ಹಿಡಿದು, ಕಾರ್ಡಿನ ಬಗ್ಗೆಯೇ ಹೇಳುವವಳ ಹಾಗೆ ಹೇಳಿದಳು: "ಧಾರೆ ನಾನೂ ನಿಮ್ಮ ಮೈದುನನೂ ಎರೀತೀವಿ ಅಕ್ಕಾ. ಬೀಗರಿಗೆ ಗೊತ್ತು, ಸರಿ. ಛತ್ರದಲ್ಲಿ ಊರೆಲ್ಲಾ ಇರತ್ತೆ. ನಿಮ್ಮ ಕೈ ನೋಡಿ ಯಾರಾದ್ರೂ ಅಪಶಕುನ ಅಂದ್ರೆ?"

ಧಾರೆ ಎರೆಯುವುದೆಂದರೆ ನಮ್ಮಲ್ಲಿ ಮದುವೆಯೇ ಅದು. ಮಗಳ ಕೈಯನ್ನು ಅಳಿಯನ ಕೈಯ ಮೇಲಿಟ್ಟು ತಂದೆ ಹಿಡಿದುಕೊಳ್ಳುತ್ತಾನೆ, ತಾಯಿ ಗಿಂಡಿಯಿಂದ ಕಡಿಯದ ಹಾಗೆ ನೀರು ಬಿಡುತ್ತಾಳೆ. ತಾಯಿಯ ಕೆಲಸ ಅದೊಂದೇ.

"ನನ್ನ ಮಗಳ ಧಾರೆ ನಾನೇ ಎರೆಯೋದು" ಎಂದೆ.

"ನೋಡೋಣ" ಎಂದರು ಯಜಮಾನರು.

"ನೋಡೋದೇನಿದೆ ಅದ್ರಲ್ಲಿ?" ಎಂದೆ. ಅಂಗಡಿಯವರು ಗಣಪತಿಗಳನ್ನು ಹರಡುವುದು ನಿಲ್ಲಿಸಿದರು. ಯಜಮಾನರು ಕಡೆಗೂ ವಿಮಲಾ ಕಡೆ ತಿರುಗಿ, "ಅವಳೇ ಎರೀಲಿ ಬಿಡಮ್ಮಾ" ಎಂದರು. ಅಷ್ಟು ಹೇಳಲು ಅವರಿಗೆ ಎರಡು ವರ್ಷ ಬೇಕಾಯಿತು.

ಅಡುಗೆಮನೆಯಲ್ಲಿ ಗಿಂಡಿ ಹಿಡಿದು ಅಭ್ಯಾಸ ಮಾಡಿದೆ. ಮಾತ್ರೆ ತೆಗೆದುಕೊಂಡ ಒಂದು ಗಂಟೆಗೆ ಕೈ ಹೇಳಿದ ಮಾತು ಕೇಳುತ್ತಿತ್ತು. ಮುಹೂರ್ತಕ್ಕೆ ಸರಿಯಾಗಿ ಲೆಕ್ಕ ಹಾಕಿ ನುಂಗಿದೆ. ಆದರೆ ಕಾಶೀಯಾತ್ರೆಯಲ್ಲಿ ಹುಡುಗರು ಕೊಡೆ ಬಚ್ಚಿಟ್ಟು ತಮಾಷೆ ಮಾಡಿದರು, ಪುರೋಹಿತರು ಫೋಟೋದವರ ಜೊತೆ ಜಗಳವಾಡಿದರು. ಗಂಟೆ ಸರಿಯುತ್ತಾ ಹೋಯಿತು. ಅಂತರಪಟ ಸರಿದು ಎಲ್ಲರೂ ಎದ್ದು ನಿಲ್ಲುವ ಹೊತ್ತಿಗೆ ಮಾತ್ರೆಯ ಕೆಲಸ ಮುಗಿದಿತ್ತು. ಬಾಯಿಯ ಒಂದು ಮೂಲೆಯಲ್ಲಿ ಜೊಲ್ಲು ಸೇರುತ್ತಿರುವುದು ತಿಳಿಯುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಆ ಕಾಯುವ ಕೋಣೆಯ ಮುದುಕರು ನೆನಪಾದರು. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ವಾದ್ಯ ಜೋರಾಯಿತು. ಗಿಂಡಿ ಎತ್ತಿದೆ. ಎರಡು ಕೈಯಲ್ಲಿ ಹಿಡಿದರೆ ಎರಡೂ ಕುಣಿದವು. ನೀರು ಯಜಮಾನರ ಶಲ್ಯದ ಮೇಲೆ ಬಿತ್ತು, ಪುರೋಹಿತರ ಪುಸ್ತಕದ ಮೇಲೆ ಬಿತ್ತು, ಬೀಳಬೇಕಾದಲ್ಲಿ ಬೀಳಲಿಲ್ಲ. ಹಿಂದಿನಿಂದ ವಿಮಲಾಳ ಕೈ ಗಿಂಡಿಯ ಕಡೆ ಬರುವುದು ಕಂಡಿತು.

ಆಗ ಚೈತ್ರ, ತಲೆ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ, "ಅಮ್ಮಾ, ಗೋಡೆಗುಂಟ ಇಳ್ಸು. ಆತುರ ಬೇಡ" ಎಂದಳು. ಹಾಗೆ ಹೇಳಿ ತನ್ನ ಮೊಣಕೈಯನ್ನು ಸ್ವಲ್ಪ ಮೇಲೆತ್ತಿದಳು.

ನಾನು ಗಿಂಡಿಯ ಮೂತಿಯನ್ನು ಅವಳ ಮೊಣಕೈಯ ಹತ್ತಿರ, ರವಿಕೆಯ ತೋಳಿನ ಅಂಚಿಗೆ ಆನಿಸಿದೆ. ಆನಿಸಿದ ಕೂಡಲೇ ನಡುಕ ಕಮ್ಮಿಯಾಯಿತು. ನೀರು ತೋಳಿಗುಂಟ ಇಳಿದು, ಹಸಿರು ಬಳೆಗಳ ಕೆಳಗೆ ಹರಿದು, ಅವಳ ಬೆರಳಿನಿಂದ ಅಳಿಯನ ಕೈಗೆ, ಕೈಯಿಂದ ಕೆಳಗೆ ಹಿಡಿದ ತೆಂಗಿನಕಾಯಿಗೆ ಹೋಯಿತು. ಪುರೋಹಿತರ ಮಂತ್ರ ಮುಗಿಯುವವರೆಗೆ ಕಡಿಯಲಿಲ್ಲ. ನನ್ನ ಮುಖ ಅಳಲಿಲ್ಲ, ನಗಲಿಲ್ಲ. ಮಗಳಿಗೆ ಅದು ಬೇಕಾಗಿರಲಿಲ್ಲ.

ಈಗ ಕಾಲೇಜು ಬಿಟ್ಟಿದ್ದೇನೆ. ಮಾತ್ರೆ ಜಾಸ್ತಿಯಾಗಿದೆ, ಓಕರಿಕೆ ಕಮ್ಮಿಯಾಗಿದೆ. ಇದನ್ನು ಇರುವೆಯಂಥ ಅಕ್ಷರದಲ್ಲಿ ಬರೆದಿದ್ದೇನೆ, ಚೈತ್ರ ಬಿಡಿಸಿ ಓದಿ ಬರೆದುಕೊಳ್ಳುತ್ತಾಳೆ. ಆ ಅನಿಲದ ವಿಷಯದಲ್ಲಿ ಈಗಲೂ ಅನುಮಾನವೇ ಇದೆಯಂತೆ, ಔಷಧಿ ಇಲ್ಲ. ಡಾಕ್ಟರನ್ನು ಕೇಳುವುದನ್ನು ಬಿಟ್ಟಿಲ್ಲ.

ಮದುವೆಯ ವಿಡಿಯೋ ಕ್ಯಾಸೆಟ್ಟು ಬಂದಾಗ ಎಲ್ಲರೂ ಕೂತು ನೋಡಿದೆವು. ಅಂತರಪಟ ಸರಿಯಿತು. ಕೂಡಲೇ ಪರದೆಯ ತುಂಬ ನಾದಸ್ವರದವರ ಉಬ್ಬಿದ ಕೆನ್ನೆ. ಆಮೇಲೆ ಮಂಟಪದ ಹೂವು. ಆಮೇಲೆ ಮತ್ತೆ ಕೆನ್ನೆ. ಮಂತ್ರ ಕೇಳಿಸುತ್ತದೆ, ಧಾರೆ ಕಾಣುವುದಿಲ್ಲ. "ಅಕ್ಕನ ಕೈ ತೆಗೀಬೇಡಿ ಅಂತ ನಾನೇ ವಿಡಿಯೋದೋರಿಗೆ ಹೇಳಿದ್ದೆ. ಚೆನ್ನಾಗ್ ಮಾಡಿದಾರೆ ಅಲ್ವಾ" ಎಂದಳು ವಿಮಲಾ, ಚಕ್ಕುಲಿ ಮುರಿಯುತ್ತಾ. ಮುಂದಿನ ದೃಶ್ಯದಲ್ಲಿ ಚೈತ್ರ ಅಕ್ಷತೆಗೆ ತಲೆ ಬಗ್ಗಿಸಿ ನಿಂತಿದ್ದಾಳೆ. ಅವಳ ಬಲತೋಳಿನ ರವಿಕೆ ಜರಿಯಂಚಿನವರೆಗೂ ಒದ್ದೆ, ಕೈಯ ಬಳೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ.